ನೋವಿಗೆ ಸಾಕ್ಷಿ ಕೇಳುವ ಸಮಾಜ

ಕಾಲು ಮುರಿದು ಪಟ್ಟಿ ಕಟ್ಟಿಸಿಕೊಂಡು ಬಂದವನನ್ನು ‘ನಿಜವಾಗಿಯೂ ನೋಯುತ್ತಿದೆಯೇ?’ ಎಂದು ಯಾರೂ ಕೇಳುವುದಿಲ್ಲ. ಕಣ್ಣಿಗೆ ಪೊರೆ ಬಂದ ವೃದ್ಧರ ಕೈಹಿಡಿದು ನೇತ್ರ ಶಿಬಿರಕ್ಕೆ ಕರೆತರುವ ಸ್ವಯಂಸೇವಕನು ಅವರ ಮಾತಿನಲ್ಲಿ ಸಂಶಯಪಡುವುದಿಲ್ಲ. ಆದರೆ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಮೈಯೆಲ್ಲ ನೋಯುತ್ತದೆ, ರಾತ್ರಿಯಿಡೀ ಮಲಗಿದ್ದರೂ ಬೆಳಿಗ್ಗೆ ಕಣ್ಣೇ ಮುಚ್ಚದವಳಂತೆ ಏಳಬೇಕಾಗುತ್ತದೆ, ಹೇಳಹೊರಟ ಮಾತು ನಡುವಿನಲ್ಲಿಯೇ ಮರೆತುಹೋಗುತ್ತದೆ ಎಂದು ಒಬ್ಬ ಗೃಹಿಣಿ ಹೇಳಿಕೊಂಡರೆ, ಅವಳ ಮೈಮೇಲೆ ಗಾಯವೂ ಊತವೂ ಕಾಣದಿರುವ ಒಂದೇ ಕಾರಣಕ್ಕೆ ಮನೆಯವರು ಸಾಕ್ಷಿ ಕೇಳುತ್ತಾರೆ, ನೆಂಟರು ಕೇಳುತ್ತಾರೆ, ಕಡೆಗೆ ವೈದ್ಯರೂ ಕೇಳುತ್ತಾರೆ. ಎಕ್ಸ್‌ರೇ ಅವಳ ಪರವಾಗಿ ನುಡಿಯುವುದಿಲ್ಲ, ರಕ್ತಪರೀಕ್ಷೆಯೂ ನುಡಿಯುವುದಿಲ್ಲ. ಸಾಕ್ಷಿಯಿಲ್ಲದ ಕಾರಣ ಅವಳು ಸುಳ್ಳುಗಾತಿಯಾಗುತ್ತಾಳೆ. ಇರುವೆಯ ನೋವನ್ನು ಸಾಕ್ಷಿಯಿಲ್ಲದೆ ಒಪ್ಪಿಕೊಂಡು ನೆಲ ನೋಡಿ ನಡೆಯುವ ಸಮಾಜವು ತನ್ನ ಮನೆಯ ಸೊಸೆಯ ನೋವಿಗೆ ದಾಖಲೆ ಕೇಳುವುದು ಎಂತಹ ವಿಪರ್ಯಾಸವೆಂಬುದನ್ನು ಯೋಚಿಸಬೇಕಾಗಿದೆ.

ಈ ವ್ಯಾಧಿಯ ಹೆಸರು ಫೈಬ್ರೊಮಯಾಲ್ಜಿಯಾ. ಹೆಸರು ಹೊಸದೆನಿಸಿದರೂ ವೈದ್ಯಶಾಸ್ತ್ರಕ್ಕೆ ಇದರ ಪರಿಚಯ ಹಳೆಯದು. 1904ರಲ್ಲಿ ಲಂಡನ್ನಿನ ವೈದ್ಯ ಸರ್ ವಿಲಿಯಂ ಗೋವರ್ಸ್ ಇದು ಸ್ನಾಯುಗಳ ನಾರಿನಲ್ಲಿ ಉಂಟಾಗುವ ಉರಿಯೂತವೆಂದು ಭಾವಿಸಿ ‘ಫೈಬ್ರೊಸೈಟಿಸ್’ ಎಂದು ಕರೆದರು. ಅನಂತರದ ದಶಕಗಳಲ್ಲಿ ಎಷ್ಟು ಹುಡುಕಿದರೂ ಉರಿಯೂತ ಕಾಣಿಸಲಿಲ್ಲ. ಆದುದರಿಂದ 1976ರ ಸುಮಾರಿಗೆ ಹೆಸರು ಬದಲಾಯಿತು. 1990ರಲ್ಲಿ ಅಮೆರಿಕದ ಸಂಧಿರೋಗ ತಜ್ಞರ ಸಂಸ್ಥೆಯು ಮೂರು ತಿಂಗಳಿಗೂ ಮಿಕ್ಕಿ ದೇಹದಾದ್ಯಂತ ನೋವಿದ್ದು, ಗೊತ್ತುಪಡಿಸಿದ 18 ಬಿಂದುಗಳಲ್ಲಿ ಕನಿಷ್ಠ 11 ಬಿಂದುಗಳು ಒತ್ತಿದಾಗ ನೊಂದರೆ ಈ ವ್ಯಾಧಿಯೆಂದು ನಿರ್ಣಯಿಸಬಹುದೆಂದು ಸೂಚಿಸಿತು. 2010ರಲ್ಲಿ ಅದೇ ಸಂಸ್ಥೆಯು ಬಿಂದುಗಳ ಎಣಿಕೆಯನ್ನು ಕೈಬಿಟ್ಟು, ನೋವು ಎಲ್ಲೆಲ್ಲಿ ಇದೆ, ನಿದ್ರೆ ಎಂತಹದು, ಆಯಾಸ ಎಷ್ಟು, ನೆನಪು ಮತ್ತು ಏಕಾಗ್ರತೆಗೆ ಎಷ್ಟು ಬಾಧೆಯಾಗಿದೆ ಎಂಬುದನ್ನು ರೋಗಿಯ ಬಾಯಿಂದಲೇ ಕೇಳಿ ತಿಳಿಯುವ ಮಾನದಂಡವನ್ನು ಕೊಟ್ಟಿತು. 2016ರಲ್ಲಿ ಮತ್ತೊಮ್ಮೆ ಪರಿಷ್ಕರಿಸಿ, ಬೇರೊಂದು ಕಾಯಿಲೆ ಇದೆಯೆಂಬ ಮಾತ್ರಕ್ಕೆ ಇದು ಇಲ್ಲವೆಂದು ಹೇಳಕೂಡದೆಂದೂ ಸ್ಪಷ್ಟಪಡಿಸಲಾಯಿತು. ಇಲ್ಲಿ ಕೆಟ್ಟಿರುವುದು ನೋವನ್ನು ಅಳೆಯುವ ನರವ್ಯವಸ್ಥೆಯ ತಕ್ಕಡಿ. ಹಗುರವಾದ ಸ್ಪರ್ಶವೂ ಅದರಲ್ಲಿ ಭಾರವಾಗಿ ತೂಗುತ್ತದೆ. ಊತಕಕ್ಕೆ ಹಾನಿಯಾಗದೆಯೂ ಹುಟ್ಟುವ ಇಂತಹ ನೋವಿಗೆ 2017ರಲ್ಲಿ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು ಪ್ರತ್ಯೇಕ ವರ್ಗವನ್ನೇ ಒಪ್ಪಿಕೊಂಡಿತು. ನೂರು ಜನರಲ್ಲಿ ಎರಡರಿಂದ ನಾಲ್ವರಿಗೆ ಇದು ಇರಬಹುದೆಂಬುದು ಸಾಮಾನ್ಯವಾದ ಅಂದಾಜು, ಸ್ತ್ರೀಯರಲ್ಲಿ ಹೆಚ್ಚು.

ಅಂದರೆ ಈ ವ್ಯಾಧಿಗೆ ಇಂದು ಇರುವ ಮುಖ್ಯ ಪರೀಕ್ಷೆಯೆಂದರೆ ಕೇಳುವುದು. ಕೇಳದ ವೈದ್ಯನ ಕೈಯಲ್ಲಿ ಈ ರೋಗದ ನಿರ್ಣಯವೇ ಸಾಧ್ಯವಿಲ್ಲ. ಸಹಾನುಭೂತಿಯುಳ್ಳ ವೈದ್ಯರು ಸಿಗುವುದು ಬೇರೆ ರೋಗಗಳಲ್ಲಿ ಪುಣ್ಯದ ಮಾತಿರಬಹುದು, ಇಲ್ಲಿ ಅದೇ ಚಿಕಿತ್ಸೆಯ ಮೊದಲ ಹಂತ.

ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲೂಕಿನ ಗೌನಿಪಲ್ಲಿಯನ್ನು ತೆಗೆದುಕೊಳ್ಳಬಹುದು. ಆಂಧ್ರದ ಗಡಿಗೆ ಹತ್ತಿರದ ಊರು. ಸುತ್ತ ಮಾವಿನ ತೋಪು, ಟೊಮ್ಯಾಟೊ ಹೊಲ. ಬೀದಿಯಲ್ಲಿ ಕನ್ನಡದಷ್ಟೇ ತೆಲುಗು. ಇಂತಹ ಊರಿನಲ್ಲಿ ಅಂಗಡಿ ನಡೆಸುವ ಒಂದು ಕುಟುಂಬದ ಸೊಸೆಗೆ ಈ ವ್ಯಾಧಿ ಬಂದರೆ ಅವಳ ದಾರಿ ಹೇಗಿರುತ್ತದೆಂಬುದನ್ನು ಊಹಿಸಲು ಕಷ್ಟವಿಲ್ಲ. ಮೊದಲು ಊರಿನಲ್ಲಿಯೇ ಒಂದು ಸೂಜಿ, ಎರಡು ಬಣ್ಣದ ಮಾತ್ರೆ. ನೋವು ಎರಡು ದಿನ ತಗ್ಗಿ ಮರಳುತ್ತದೆ. ಅನಂತರ ಶ್ರೀನಿವಾಸಪುರದ ತಾಲೂಕು ಆಸ್ಪತ್ರೆ. ಅಲ್ಲಿನ ಸಾಲು ನೋಡಿ ಗಂಡನಿಗೆ ಅಂಗಡಿಯ ಯೋಚನೆ. ಅಲ್ಲಿಂದ ಕೋಲಾರ: ಒಂದು ದಿನ ಮೂಳೆ ವೈದ್ಯರು, ಇನ್ನೊಂದು ದಿನ ನರರೋಗ ವೈದ್ಯರು, ಮತ್ತೊಂದು ದಿನ ಸ್ತ್ರೀರೋಗ ವೈದ್ಯರು. ಚಿಂತಾಮಣಿಯಲ್ಲಿ ಯಾರೋ ಒಳ್ಳೆಯವರಿದ್ದಾರೆಂದು ಒಬ್ಬರು ಹೇಳಿದರೆ, ಮದನಪಲ್ಲಿಗೆ ಹೋಗಿ ಎಂದು ಇನ್ನೊಬ್ಬರು. ಆಮೇಲೆ ಬೆಂಗಳೂರು, ಅಲ್ಲಿಯೂ ಆಗದಿದ್ದರೆ ವೆಲ್ಲೂರು. ಪ್ಲಾಸ್ಟಿಕ್ ಚೀಲದಲ್ಲಿ ಸ್ಕ್ಯಾನಿಂಗ್ ಹಾಳೆಗಳು ದಪ್ಪವಾಗುತ್ತ ಹೋಗುತ್ತವೆ. ಪ್ರತಿಯೊಂದು ಮೇಜಿನ ಹಿಂದಿನಿಂದಲೂ ಒಂದೇ ವಾಕ್ಯ: ‘ಎಲ್ಲಾ ನಾರ್ಮಲ್ಲೇ ಇದೆಯಮ್ಮಾ, ಸುಮ್ಮನೆ ಯೋಚನೆ ಜಾಸ್ತಿ ಮಾಡಬೇಡಿ.’ ಆ ವಾಕ್ಯ ಅವಳಿಗಿಂತ ಮೊದಲು ಮನೆ ತಲಪುತ್ತದೆ. ‘ಡಾಕ್ಟರೇ ಹೇಳಿದ್ದಾರಲ್ಲ, ಏನೂ ಇಲ್ಲ ಅಂತ’ ಎನ್ನುವ ಅತ್ತೆಯ ಮಾತಿನಲ್ಲಿ ಕ್ರೌರ್ಯವಿರಬೇಕೆಂದಿಲ್ಲ. ಅವರು ವೈದ್ಯರನ್ನು ನಂಬಿದರು, ಅಷ್ಟೆ. ಸೊಸೆಯನ್ನು ನಂಬುವ ಅವಕಾಶವನ್ನು ವೈದ್ಯರೇ ಅವರಿಂದ ಕಸಿದುಕೊಂಡಿದ್ದರು.

ಇಲ್ಲಿ ವೈದ್ಯರ ಪರವಾಗಿಯೂ ಒಂದು ಮಾತು ಹೇಳಬೇಕು. ಕೋಲಾರದ ನೆಲದಲ್ಲಿ ಮೈನೋವಿಗೆ ಕಾರಣಗಳು ಹಲವು, ಅವುಗಳನ್ನು ಬೇರ್ಪಡಿಸುವುದು ಸುಲಭವಲ್ಲ. ಸಾವಿರ ಅಡಿಗೂ ಆಳಕ್ಕಿಳಿದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿರುವ ಹಳ್ಳಿಗಳು ಈ ಜಿಲ್ಲೆಯಲ್ಲಿ ಅನೇಕ. ಒಂದು ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೆ ಸಾಕು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆಯವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುವುದಲ್ಲದೆ ಬೆನ್ನು ಕೀಲುಗಳು ಬಿಗಿದು ನೋಯುತ್ತವೆ. 1937ರಷ್ಟು ಹಿಂದೆಯೇ ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರಿನಲ್ಲಿ ಈ ವ್ಯಾಧಿಯನ್ನು ವೈದ್ಯರು ಗುರುತಿಸಿ ಬರೆದಿದ್ದಾರೆ. ಇಡೀ ದಿನ ಮನೆಯೊಳಗೆ, ಅಂಗಡಿಯೊಳಗೆ ಇರುವವರಲ್ಲಿ ಡಿ ಜೀವಸತ್ವದ ಕೊರತೆ, ಅದರಿಂದಲೂ ಮೂಳೆನೋವು. ಥೈರಾಯ್ಡ್ ಮಂದವಾದರೂ ಆಯಾಸ, ಮೈನೋವು. ಸಂಧಿವಾತದ ಆರಂಭವೂ ಹೀಗೆಯೇ ಇರಬಹುದು. ಇವೆಲ್ಲಕ್ಕಿಂತ ಮುಖ್ಯವಾಗಿ ಜೈನ ಕುಟುಂಬಗಳು ಅರಿಯಬೇಕಾದದ್ದು ಬಿ-12 ಜೀವಸತ್ವದ ವಿಷಯ. ಸಸ್ಯಾಹಾರದಲ್ಲಿ ಇದಕ್ಕೆ ಹಾಲು, ಮೊಸರು ಬಿಟ್ಟರೆ ಬೇರೆ ಆಧಾರವಿಲ್ಲವೆಂದೇ ಹೇಳಬೇಕು. ಹಾಲನ್ನೂ ಕಡಿಮೆ ಮಾಡಿ ವ್ರತೋಪವಾಸಗಳನ್ನು ಹೆಚ್ಚಾಗಿ ಮಾಡುವ ಸ್ತ್ರೀಯರಲ್ಲಿ ಇದರ ಕೊರತೆಯಾದರೆ ಕೈಕಾಲು ಜೋಮು, ಆಯಾಸ, ಮರೆವು ಎಲ್ಲವೂ ಬರುತ್ತವೆ. ಇದಕ್ಕೆ ಮಾತ್ರೆ ಅಥವಾ ಚುಚ್ಚುಮದ್ದು ಇದೆ, ಆಹಾರ ಸಿದ್ಧಾಂತವನ್ನು ಬಿಡಬೇಕಾಗಿಲ್ಲ.

ಆದುದರಿಂದ ಒಳ್ಳೆಯ ವೈದ್ಯನೆಂದರೆ ರೋಗಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವವನೆಂದು ಅರ್ಥವಲ್ಲ. ಹಲ್ಲು ನೋಡಿ, ಕುಡಿಯುವ ನೀರು ಯಾವುದೆಂದು ವಿಚಾರಿಸಿ, ಥೈರಾಯ್ಡ್, ಬಿ-12, ಡಿ ಜೀವಸತ್ವ, ರಕ್ತಹೀನತೆ ಇವನ್ನು ಒಮ್ಮೆ ಸರಿಯಾಗಿ ಪರೀಕ್ಷಿಸಿ, ಕೀಲುಗಳಲ್ಲಿ ಊತವಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ, ಇವಾವುದೂ ನೋವನ್ನು ವಿವರಿಸದಿದ್ದಾಗ ‘ಏನೂ ಇಲ್ಲ’ ಎನ್ನದೆ ‘ಇದಕ್ಕೆ ಫೈಬ್ರೊಮಯಾಲ್ಜಿಯಾ ಎಂದು ಹೆಸರು’ ಎನ್ನುವವನು ಅವನು. ಹೆಸರು ಸಿಕ್ಕ ದಿನ ನೋವು ಕಡಿಮೆಯಾಗುವುದಿಲ್ಲ, ನಿಜ. ಆದರೆ ಆ ದಿನದಿಂದ ಅವಳು ಸುಳ್ಳುಗಾತಿಯಲ್ಲ.

ಕೆಟ್ಟ ವೈದ್ಯರಲ್ಲಿ ಎರಡು ಬಗೆ. ನಂಬದೆ ಕಳುಹಿಸುವವರು ಒಂದು ಬಗೆಯಾದರೆ, ನಂಬಿದಂತೆ ನಟಿಸಿ ಬಿಡದವರು ಇನ್ನೊಂದು ಬಗೆ. ಎರಡನೆಯವರು ಹೆಚ್ಚು ಅಪಾಯಕಾರಿಗಳು. ಅವರ ಬಳಿ ವಾರಕ್ಕೊಮ್ಮೆ ಡ್ರಿಪ್ ಇದೆ, ಆರು ತಿಂಗಳಿಗೊಮ್ಮೆ ಮತ್ತೆ ಎಂ.ಆರ್.ಐ. ಇದೆ, ಸ್ಟೀರಾಯ್ಡ್ ಸೂಜಿಯಿದೆ. ಉರಿಯೂತವೇ ಇಲ್ಲದ ಈ ವ್ಯಾಧಿಗೆ ಸ್ಟೀರಾಯ್ಡಿನಿಂದ ಪ್ರಯೋಜನವಿಲ್ಲ, ಹಾನಿ ಮಾತ್ರ ಇದೆ. ಸಾಧಾರಣ ನೋವುನಿವಾರಕ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಜಠರವೂ ಮೂತ್ರಪಿಂಡವೂ ಕೆಡುತ್ತವೆಯೇ ಹೊರತು ನೋವು ಇದ್ದಂತೆಯೇ ಇರುತ್ತದೆ. ದೀರ್ಘಕಾಲದ ಇಂತಹ ನೋವಿಗೆ ಆ ಮಾತ್ರೆಗಳನ್ನೂ ಅಫೀಮು ವರ್ಗದ ಔಷಧಗಳನ್ನೂ ಹೊಸದಾಗಿ ಆರಂಭಿಸಬಾರದೆಂದು ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯಾದ ನೈಸ್ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ. ಸಂಪೂರ್ಣ ಗುಣಪಡಿಸುತ್ತೇವೆಂದು ಹೆಸರಿಲ್ಲದ ಪುಡಿ ಕಟ್ಟಿಕೊಡುವವರ ವಿಷಯ ಹೇಳುವುದೇ ಬೇಡ. ಗುಣವಾಗುತ್ತದೆಂದು ಆಣೆಯಿಡುವವನನ್ನು ಕಂಡರೆ ಚಪ್ಪಲಿ ಮೆಟ್ಟಿಕೊಂಡು ಹೊರಡುವುದೇ ಲೇಸು.

ಹಾಗಾದರೆ ಪ್ರಯೋಜನಕಾರಿಯಾದದ್ದು ಯಾವುದು? ಯೂರೋಪಿನ ಸಂಧಿರೋಗ ತಜ್ಞರ ಒಕ್ಕೂಟವು 2016ರಲ್ಲಿ ಲಭ್ಯ ಪ್ರಮಾಣಗಳನ್ನೆಲ್ಲ ತೂಗಿನೋಡಿ ಬಲವಾಗಿ ಶಿಫಾರಸು ಮಾಡಿದ್ದು ಒಂದನ್ನೇ: ವ್ಯಾಯಾಮ. ಅದೂ ನಿಧಾನವಾಗಿ, ಮೊದಲ ವಾರ ಐದು ನಿಮಿಷದ ನಡಿಗೆಯಿಂದ ಆರಂಭಿಸಿದರೂ ಆಗುವಂತೆ. ಜೊತೆಗೆ ನಿದ್ರೆಯನ್ನು ಸರಿಪಡಿಸುವುದು, ಕೆಲಸವನ್ನು ದಿನದ ಮೇಲೆ ಹರಡಿಕೊಳ್ಳುವುದು, ಮನಸ್ಸಿಗೆ ಆಪ್ತಸಲಹೆ, ಕೆಲವರಿಗೆ ಕೆಲವು ಔಷಧ. ಅಮಿಟ್ರಿಪ್ಟಿಲೀನ್ ಅಲ್ಪ ಪ್ರಮಾಣದಲ್ಲಿ, ಡುಲೋಕ್ಸಿಟೀನ್, ಪ್ರೆಗಾಬಲಿನ್: ಇವು ಕೆಲವರಿಗೆ ನೆರವಾಗುತ್ತವೆ, ಎಲ್ಲರಿಗೂ ಅಲ್ಲ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಯಂತ್ರ ಬೇಡ, ಶಸ್ತ್ರಚಿಕಿತ್ಸಾ ಕೊಠಡಿ ಬೇಡ. ಇವೆಲ್ಲಕ್ಕೂ ಬೇಕಾದದ್ದು ತಿಂಗಳು ತಿಂಗಳೂ ಅದೇ ರೋಗಿಯನ್ನು ನೋಡುವ, ಹಿಂದಿನ ಸಲ ಏನು ಹೇಳಿದೆನೆಂಬುದನ್ನು ಬರೆದಿಟ್ಟುಕೊಳ್ಳುವ ಒಬ್ಬ ವೈದ್ಯ. ಗೌನಿಪಲ್ಲಿಯ ಸೊಸೆ ಬೆಂಗಳೂರಿನ ಕಡೆಗೆ ಮಾಡಿದ ಪ್ರಯಾಣವೆಲ್ಲ ಒಂದರ್ಥದಲ್ಲಿ ತಿರುವುಮುರುವಾದ ಪ್ರಯಾಣ. ನಿರ್ಣಯಕ್ಕಾಗಿ ಒಮ್ಮೆ ಸಂಧಿರೋಗ ತಜ್ಞರನ್ನು ಕಾಣಬೇಕಾಗಬಹುದು, ಅವರು ದೊಡ್ಡ ನಗರಗಳಲ್ಲಿಯೇ ಇದ್ದಾರೆ. ಅನಂತರ ಅವಳಿಗೆ ಬೇಕಾದ ವೈದ್ಯನು ಅವಳ ಮನೆಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ಎರಡು ಬಸ್ಸು ಹತ್ತಿ ಇಳಿದು ಹೋಗಿಬಂದ ಮಾರನೆಯ ದಿನ ಹಾಸಿಗೆಯಿಂದ ಏಳಲಾಗದವಳಿಗೆ ದೂರದ ಮಹಾವೈದ್ಯನಿಗಿಂತ ಸಮೀಪದ ಸಾಮಾನ್ಯ ವೈದ್ಯನು ಮೇಲು.

ಶ್ರಾವಿಕೆಯ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಅಮಿಟ್ರಿಪ್ಟಿಲೀನ್ ಮಾತ್ರೆಯನ್ನು ಸಾಮಾನ್ಯವಾಗಿ ರಾತ್ರಿ ಮಲಗುವ ಮುನ್ನ ತೆಗೆದುಕೊಳ್ಳಲು ಹೇಳುತ್ತಾರೆ. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ನಿಯಮವುಳ್ಳವಳು ಅದನ್ನು ವೈದ್ಯರಿಗೆ ಹೇಳುವುದಿಲ್ಲ. ಹೇಳಿದರೆ ನಗುತ್ತಾರೆಂಬ ಅಂಜಿಕೆ. ಮಾತ್ರೆ ಡಬ್ಬಿಯಲ್ಲಿಯೇ ಉಳಿಯುತ್ತದೆ, ಮುಂದಿನ ತಿಂಗಳು ವೈದ್ಯರು ‘ಔಷಧ ಕೆಲಸ ಮಾಡಲಿಲ್ಲ’ ಎಂದು ಬರೆದುಕೊಳ್ಳುತ್ತಾರೆ. ಪ್ರೆಗಾಬಲಿನ್ ಬಹುತೇಕ ಕ್ಯಾಪ್ಸೂಲಿನಲ್ಲಿ ಬರುತ್ತದೆ. ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಪ್ರಾಣಿಜನ್ಯವಾದ ಜೆಲಾಟಿನ್. ಇದನ್ನು ತಿಳಿದವಳು ಸದ್ದಿಲ್ಲದೆ ಬಿಟ್ಟುಬಿಡುತ್ತಾಳೆ. ದಶಲಕ್ಷಣ ಪರ್ವದ, ಪರ್ಯೂಷಣದ ಉಪವಾಸಗಳಲ್ಲಿ ನೋವು ಕೆರಳಿದರೆ ಅದನ್ನೂ ಹೇಳುವುದಿಲ್ಲ. ಸೂರ್ಯಾಸ್ತಕ್ಕೆ ಮುಂಚೆ ತೆಗೆದುಕೊಳ್ಳಬಹುದೇ, ಮಾತ್ರೆಯ ರೂಪದಲ್ಲಿ ಸಿಗುವುದೇ, ಉಪವಾಸದ ದಿನ ಏನು ಮಾಡಬೇಕು ಎಂಬ ಪ್ರಶ್ನೆಗಳನ್ನು ತಾವಾಗಿಯೇ ಎತ್ತುವ ವೈದ್ಯರು ಬೇಕು. ಇದು ಅತಿಯಾದ ಬೇಡಿಕೆಯೇನೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧು ಇಲ್ಲದೆಯೇ ಚಿಕಿತ್ಸೆ ಸಾಧ್ಯವೆಂದು ಒಂದು ಇಡೀ ವೈದ್ಯಗ್ರಂಥವನ್ನೇ ಕಟ್ಟಿದರು. ರೋಗಿಯ ನಿಯಮವನ್ನು ಗೌರವಿಸಿ ಔಷಧ ಯೋಜಿಸುವುದು ಈ ನಾಡಿನ ವೈದ್ಯಕ್ಕೆ ಹೊಸದಲ್ಲ.

ಇನ್ನು ಸಮಾಜದೊಳಗಿನ ಆಕ್ಷೇಪಗಳು. ಮೊದಲನೆಯದೂ ಅತ್ಯಂತ ಸುಲಭವಾದದ್ದೂ ಕರ್ಮದ ಮಾತು. ‘ಅಸಾತಾವೇದನೀಯ ಕರ್ಮದ ಉದಯ, ಅನುಭವಿಸಲೇಬೇಕು’ ಎಂದು ಹೇಳಿ ಎದ್ದುಹೋಗುವವರಿದ್ದಾರೆ. ಸಿದ್ಧಾಂತದಲ್ಲಿ ತಪ್ಪಿಲ್ಲ; ಅದನ್ನು ಬಳಸುವ ರೀತಿ ತಪ್ಪು. ಹೃದಯಾಘಾತವಾದ ಟ್ರಸ್ಟಿಯ ಹಾಸಿಗೆಯ ಬಳಿ ನಿಂತು ಯಾರೂ ಹೀಗೆ ಹೇಳುವುದಿಲ್ಲ, ಆಂಬುಲೆನ್ಸಿಗೆ ಓಡುತ್ತಾರೆ. ಕರ್ಮೋದಯವೆಂಬ ಕಾರಣದಿಂದ ಚಿಕಿತ್ಸೆ ವ್ಯರ್ಥವೆನ್ನುವುದಾದರೆ ಆಹಾರ, ಶಾಸ್ತ್ರ, ಅಭಯಗಳ ಜೊತೆಗೆ ಔಷಧವನ್ನು ಚತುರ್ವಿಧ ದಾನದಲ್ಲಿ ಏಕೆ ಸೇರಿಸಲಾಯಿತು? ರೋಗಪೀಡಿತರ ಸೇವೆಯಾದ ವೈಯಾವೃತ್ಯವನ್ನು ಅಂತರಂಗ ತಪಸ್ಸುಗಳಲ್ಲಿ ಏಕೆ ಎಣಿಸಲಾಯಿತು? ‘ವಡ್ಡಾರಾಧನೆ’ಯ ಸನತ್ಕುಮಾರನ ಕಥೆಯನ್ನು ಇಲ್ಲಿ ಉದಾಹರಿಸುವವರುಂಟು: ವೈದ್ಯರೂಪದಲ್ಲಿ ಬಂದ ದೇವನ ಚಿಕಿತ್ಸೆಯನ್ನೂ ಆ ಮುನಿ ಬಯಸಲಿಲ್ಲವಲ್ಲ ಎಂದು. ಆದರೆ ಸನತ್ಕುಮಾರನು ಚಕ್ರವರ್ತಿ ಪದವಿಯನ್ನು ತೊರೆದು ದೀಕ್ಷೆ ಪಡೆದವನು. ರೋಗ ಪರೀಷಹವನ್ನು ಸಹಿಸುವ ಪ್ರತಿಜ್ಞೆಯನ್ನು ತಾನೇ ಕೈಗೊಂಡವನು. ಮೂರು ಹೊತ್ತು ಒಲೆಯ ಮುಂದೆ ನಿಂತು ಬೇಯಿಸಬೇಕಾದ ಗೃಹಿಣಿಗೆ ಆ ದೀಕ್ಷೆಯನ್ನು ಕೊಟ್ಟವರಾರು? ಇನ್ನೊಬ್ಬರ ಸಹನೆಯನ್ನು ತಾನು ನಿಶ್ಚಯಿಸುವುದಕ್ಕೆ ತಪಸ್ಸೆಂದು ಹೆಸರಿಲ್ಲ. ಅದೇ ಪುರಾಣಪರಂಪರೆಯಲ್ಲಿ ಉದ್ದಾಯನ ರಾಜನೂ ಇದ್ದಾನೆ. ವ್ಯಾಧಿಗ್ರಸ್ತ ಮುನಿಯ ವಾಂತಿಯನ್ನು ಹೇಸದೆ ತೊಳೆದ ಅವನನ್ನು ನಿರ್ವಿಚಿಕಿತ್ಸೆಯ ಆದರ್ಶವೆಂದು ಸ್ಮರಿಸುತ್ತಾರೆ. ಆ ಮುನಿ ನಿಜವಾದ ರೋಗಿಯೇ, ವೇಷವೇ ಎಂದು ಉದ್ದಾಯನನು ಪರೀಕ್ಷಿಸಲಿಲ್ಲ. ಕಥೆಯ ಪ್ರಕಾರ ಅದು ವೇಷವೇ ಆಗಿತ್ತು, ಆದರೂ ಅವನ ಸೇವೆ ವ್ಯರ್ಥವೆಂದು ಯಾವ ಆಚಾರ್ಯರೂ ಬರೆಯಲಿಲ್ಲ.

ಎರಡನೆಯ ಆಕ್ಷೇಪ ‘ಇದೆಲ್ಲ ಮನಸ್ಸಿನದು’ ಎಂಬುದು. ಈ ವ್ಯಾಧಿಯುಳ್ಳವರಲ್ಲಿ ಖಿನ್ನತೆ, ಆತಂಕ ಸಾಮಾನ್ಯವೇ ಸರಿ. ವರ್ಷಗಟ್ಟಲೆ ನೊಂದು, ನಂಬಿಸಲಾಗದೆ ಸೋತವರಲ್ಲಿ ಖಿನ್ನತೆ ಇರದಿದ್ದರೆ ಅದೇ ಆಶ್ಚರ್ಯ. ಆದರೆ ನೋವು ಮನಸ್ಸಿನದೆಂದು ಹೇಳಿದ ಮಾತ್ರಕ್ಕೆ ಅದು ಕಡಿಮೆ ನೋವಾಗುವುದೇ? ಈ ಮಾತಿನಿಂದ ಆಗುವ ಪ್ರತ್ಯಕ್ಷ ಹಾನಿ ಬೇರೆ. ವೈದ್ಯರು ನೋವಿಗೂ ನಿದ್ರೆಗೂ ಎಂದು ಬರೆದುಕೊಟ್ಟ ಅಮಿಟ್ರಿಪ್ಟಿಲೀನನ್ನು ಔಷಧದಂಗಡಿಯವನು ‘ಇದು ತಲೆಗೆ ಕೊಡುವ ಮಾತ್ರೆ’ ಎಂದುಬಿಟ್ಟರೆ ಸಾಕು, ಅದು ಮನೆಯ ಹೊಸ್ತಿಲು ದಾಟುವುದಿಲ್ಲ. ಮನೋರೋಗಿಯೆಂಬ ಹೆಸರು ಮಗಳ ಮದುವೆಗೆ ಅಡ್ಡಿಯಾದೀತೆಂಬ ಭಯ. ಇದನ್ನು ಮೊದಲೇ ಊಹಿಸಿ, ಗಂಡನನ್ನೂ ಒಳಗೆ ಕರೆದು ಕೂರಿಸಿ, ಖಿನ್ನತೆಗೆ ಕೊಡುವುದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ ನೋವಿನ ನರಗಳಿಗಾಗಿ ಇದನ್ನು ಕೊಡುತ್ತಿದ್ದೇನೆಂದು ವಿವರಿಸಲು ವೈದ್ಯರಿಗೆ ಹತ್ತು ನಿಮಿಷ ಹಿಡಿಯುತ್ತದೆ.

ಆ ಹತ್ತು ನಿಮಿಷ ಎಲ್ಲಿಂದ ಬರಬೇಕು ಎಂಬುದು ಮೂರನೆಯ ಆಕ್ಷೇಪ, ಮೂರರಲ್ಲಿ ಇದೊಂದೇ ಪ್ರಾಮಾಣಿಕವಾದದ್ದು. ಹೊರರೋಗಿ ವಿಭಾಗದಲ್ಲಿ ಬೆಳಗ್ಗೆಯಿಂದ ಸಾಲು ಕರಗದಿರುವಾಗ ಸರ್ಕಾರಿ ವೈದ್ಯರು ಒಬ್ಬಳ ಕಥೆ ಕೇಳುತ್ತ ಕೂರಲಾರರು. ಇದಕ್ಕೆ ಉತ್ತರವನ್ನು ಕರ್ನಾಟಕವೇ ಒಮ್ಮೆ ಕಂಡುಕೊಂಡಿತ್ತು. ಮಾನಸಿಕ ಕಾಯಿಲೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಬಿಟ್ಟರೆ ಗತಿಯಿಲ್ಲವೆಂದು ಹಳ್ಳಿಯವರು ನಂಬಿದ್ದ ಕಾಲದಲ್ಲಿ, 1985ರಲ್ಲಿ ಆ ಸಂಸ್ಥೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಟ್ಟು, ಆ ಕಾಯಿಲೆಗಳನ್ನು ಊರಿನಲ್ಲಿಯೇ ಗುರುತಿಸಿ ನೋಡಿಕೊಳ್ಳಬಹುದೆಂದು ತೋರಿಸಿತು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ದೇಹದಾದ್ಯಂತದ ನೋವಿಗೂ ಇಂತಹದೇ ತರಬೇತಿ ಆಗಲಾರದೇಕೆ? ಕೋಲಾರದ ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜು ಇದೆ. ಸರ್ಕಾರದ ಇ-ಸಂಜೀವಿನಿ ದೂರವೈದ್ಯ ಸೇವೆ 2019ರಿಂದ ಇದೆ. ಕೇಳುವವರಿದ್ದರೆ ಮಾಡುವವರೂ ಹುಟ್ಟಿಯಾರು.

ಕೇಳಬೇಕಾದವರಲ್ಲಿ ದೇವಸ್ಥಾನಗಳ ಟ್ರಸ್ಟುಗಳೂ ಇವೆ. ಔಷಧದಾನದಲ್ಲಿ ಜೈನ ಸಮಾಜ ಹಿಂದೆ ಬಿದ್ದಿಲ್ಲ ಎಂಬುದನ್ನು ಹೊರಗಿನವರೂ ಒಪ್ಪುತ್ತಾರೆ. 1975ರಲ್ಲಿ ಜೈಪುರದಲ್ಲಿ ಆರಂಭವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯು ಕೃತಕ ಕಾಲನ್ನು ಉಚಿತವಾಗಿ ಕೊಟ್ಟು ಲಕ್ಷಾಂತರ ಜನರನ್ನು ಎದ್ದು ನಿಲ್ಲಿಸಿದೆ. ಧರ್ಮಸ್ಥಳದ ಆಶ್ರಯದಲ್ಲಿ ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆಯ ಕಾಲೇಜು, ಧಾರವಾಡದಲ್ಲಿ ವೈದ್ಯಕೀಯ ಕಾಲೇಜು ನಡೆಯುತ್ತಿವೆ. ಆದರೆ ಊರೂರಿನ ಟ್ರಸ್ಟುಗಳು ಔಷಧದಾನವೆಂದು ಮಾಡುವುದು ಹೆಚ್ಚಾಗಿ ವಾರ್ಷಿಕ ಉಚಿತ ಆರೋಗ್ಯ ಶಿಬಿರ. ಶಾಮಿಯಾನ, ಉದ್ಘಾಟನೆ, ಮಾಲಾರ್ಪಣೆ, ನಾಲ್ಕು ಗಂಟೆಗಳಲ್ಲಿ ಐನೂರು ಜನರ ತಪಾಸಣೆ, ಸ್ಮರಣ ಸಂಚಿಕೆಯಲ್ಲಿ ಚಿತ್ರ. ರಕ್ತದೊತ್ತಡ, ಮಧುಮೇಹ, ಕಣ್ಣಿನ ಪೊರೆ ಇವನ್ನು ಪತ್ತೆಮಾಡಲು ಶಿಬಿರ ಉಪಯುಕ್ತವೇ. ಕಾಣುವ ಅಂಗವೈಕಲ್ಯಕ್ಕೆ ಕೈಚಾಚುವುದು ಸಮಾಜಕ್ಕೆ ಅಭ್ಯಾಸವಾಗಿದೆ. ಕಾಣದ ನೋವಿನವಳು ಮಾತ್ರ ಆ ಶಿಬಿರದಲ್ಲಿ ಅರ್ಧ ನಿಮಿಷ ಪಡೆದು, ಇನ್ನೊಂದು ಹಾಳೆ ನೋವಿನ ಮಾತ್ರೆ ಹಿಡಿದು, ಮತ್ತೊಮ್ಮೆ ‘ಏನೂ ಇಲ್ಲ’ ಎನ್ನಿಸಿಕೊಂಡು ಮರಳುತ್ತಾಳೆ. ಆ ವೈದ್ಯರನ್ನು ಅವಳು ಮತ್ತೆ ನೋಡುವುದಿಲ್ಲ. ಅವಳ ಪಾಲಿಗೆ ಅದು ದಾನವೂ ಅಲ್ಲ, ಔಷಧವೂ ಅಲ್ಲ.

ಟ್ರಸ್ಟುಗಳು ಮಾಡಬಹುದಾದದ್ದು ಇದಕ್ಕಿಂತ ಚಿಕ್ಕದು, ಆದುದರಿಂದಲೇ ಯಾರೂ ಮಾಡುವುದಿಲ್ಲವೇನೋ. ತಾಲೂಕಿನ ಒಂದು ಸ್ಥಳದಲ್ಲಿ, ತಿಂಗಳಿನ ಗೊತ್ತಾದ ದಿನದಲ್ಲಿ, ಗೊತ್ತಾದ ಅದೇ ವೈದ್ಯರು ಕೂರುವಂತೆ ಏರ್ಪಾಡು ಮಾಡಿ, ದಿನಕ್ಕೆ ಹತ್ತೇ ರೋಗಿಗಳನ್ನು ನೋಡುವಂತೆ ಅವರ ಸಂಭಾವನೆಯನ್ನು ಟ್ರಸ್ಟು ಭರಿಸಬಹುದು. ಒಬ್ಬ ಫಿಸಿಯೋಥೆರಪಿಸ್ಟ್ ಜೊತೆಗಿದ್ದರೆ ಇನ್ನೂ ಲೇಸು. ಬೆಂಗಳೂರಿನ, ವೆಲ್ಲೂರಿನ ತಜ್ಞರ ಬಳಿಗೆ ಹೋಗಲೇಬೇಕಾದವರಿಗೆ ಧರ್ಮಶಾಲೆಯ ಒಂದು ಕೊಠಡಿಯನ್ನೂ ಜೊತೆಗೆ ಹೋಗಿ ಹೇಳಿದ್ದನ್ನು ಬರೆದುಕೊಂಡು ಬರುವ ಒಬ್ಬ ಸ್ವಯಂಸೇವಕಿಯನ್ನೂ ಒದಗಿಸಬಹುದು. ಮರೆವು ಈ ವ್ಯಾಧಿಯ ಭಾಗವಾದುದರಿಂದ ಬರೆದುಕೊಳ್ಳುವವರ ಉಪಕಾರ ಸಣ್ಣದಲ್ಲ. ರೋಗಿಗಳಿಗೆ ಅವರ ಹಕ್ಕನ್ನು ತಿಳಿಸಬಹುದು: 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ಕೇಳಿದ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕು, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕು, ಅದು ಮೊದಲಿನವರಿಗೆ ಮಾಡಿದ ಅವಮಾನವಲ್ಲ. ಹಳೆಯ ದಾಖಲೆ ಕೈಯಲ್ಲಿದ್ದರೆ ಹೊಸ ವೈದ್ಯರು ಅದೇ ಪರೀಕ್ಷೆಗಳನ್ನು ಮತ್ತೆ ಬರೆಯಬೇಕಾಗಿಲ್ಲ.

ಟ್ರಸ್ಟುಗಳು ಮಾಲೀಕರೂ ಹೌದು. ಅವುಗಳ ಶಾಲೆಗಳಲ್ಲಿ, ಕಚೇರಿಗಳಲ್ಲಿ ಸಂಬಳಕ್ಕೆ ದುಡಿಯುವವರಿದ್ದಾರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ 21 ವರ್ಗಗಳಲ್ಲಿ ಫೈಬ್ರೊಮಯಾಲ್ಜಿಯಾದ ಹೆಸರಿಲ್ಲ. ಆದುದರಿಂದ ಈ ವ್ಯಾಧಿಯುಳ್ಳ ಶಿಕ್ಷಕಿಗೆ ಪ್ರಮಾಣಪತ್ರವಿಲ್ಲ, ಕಾನೂನಿನ ರಿಯಾಯಿತಿಯೂ ಇಲ್ಲ. ಕಾನೂನು ಕೊಡದ್ದನ್ನು ಟ್ರಸ್ಟು ಕೊಡಬಾರದೆಂಬ ನಿಯಮ ಎಲ್ಲಿದೆ? ಪಾಠ ಹೇಳುವಾಗ ಕೂರಲು ಕುರ್ಚಿ, ಮಹಡಿಯ ಮೇಲಿನ ತರಗತಿಯ ಬದಲು ಕೆಳಗಿನದು, ಸತತ ಎರಡು ಅವಧಿಗಳ ನಡುವೆ ಹತ್ತು ನಿಮಿಷದ ಬಿಡುವು. ಇಷ್ಟಕ್ಕೆ ವೈದ್ಯಕೀಯ ಮಂಡಳಿಯ ಮೊಹರು ಬೇಕಿಲ್ಲ. ಬಸದಿಯಲ್ಲಿಯೂ ಅಷ್ಟೆ. ಅಭಿಷೇಕದ ಹೊತ್ತು ನೆಲದ ಮೇಲೆ ಕೂರಲಾಗದ ಮೂವತ್ತೈದರ ಶ್ರಾವಿಕೆ ಕುರ್ಚಿ ಕೇಳಿದರೆ ‘ಎಪ್ಪತ್ತರ ಅಜ್ಜಿಯೇ ಕೆಳಗೆ ಕೂತಿದ್ದಾರೆ’ ಎಂಬ ಪಿಸುಮಾತು ಕೇಳಿಸುತ್ತದೆ. ಮುಂದಿನ ಅಷ್ಟಮಿಗೆ ಅವಳು ಬರುವುದಿಲ್ಲ. ಭಕ್ತಿ ಕಡಿಮೆಯಾಯಿತೆಂಬ ಮಾತೂ ಅವಳ ಲೆಕ್ಕಕ್ಕೆ ಸೇರುತ್ತದೆ.

ಹಣವಿಲ್ಲವೆಂದು ಹೇಳುವ ಟ್ರಸ್ಟುಗಳೂ ಇರಬಹುದು. ತಿಂಗಳಿಗೊಂದು ದಿನ ಶ್ರೀನಿವಾಸಪುರಕ್ಕೋ ಮುಳಬಾಗಿಲಿಗೋ ಒಬ್ಬ ವೈದ್ಯರನ್ನು ಕರೆಸಿ ಕೂರಿಸಿದರೆ ವರ್ಷಕ್ಕೆ ತಗಲುವ ವೆಚ್ಚವೆಷ್ಟು, ಕಳೆದ ವರ್ಷದ ಒಂದೇ ದಿನದ ಶಿಬಿರಕ್ಕೆ ಶಾಮಿಯಾನ, ಬ್ಯಾನರು, ಶಾಲು, ಹಾರ, ಸ್ಮರಣ ಸಂಚಿಕೆಗಳಿಗೆ ಬಿದ್ದ ವೆಚ್ಚವೆಷ್ಟು ಎಂಬುದನ್ನು ಮುಂದಿನ ವಾರ್ಷಿಕ ಸಭೆಯಲ್ಲಿ ಯಾರಾದರೂ ಒಬ್ಬ ಸದಸ್ಯರು ಎದ್ದುನಿಂತು ಕೇಳಲಿ. ಎರಡನೆಯ ಮೊತ್ತ ಟ್ರಸ್ಟಿನ ಲೆಕ್ಕಪುಸ್ತಕದಲ್ಲಿಯೇ ಬರೆದಿದೆ.